ನಾಯಿಗೆ ಬಹುವಚನ

ಮ್ಯಾಡ್ರಿಡ್‌ನಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿ ಎಲ್ಲಿಗಾದರೂ ಹೊರಟರೆ ಕಾನೇಲೊನನ್ನು ನಮ್ಮಲ್ಲಿ ಬಿಡುತ್ತಾರೆ. ಕಾನೇಲೊ ಅಂದರೆ ದಾಲ್ಚಿನ್ನಿ ಬಣ್ಣದವನು. ಅವನಿಗೆ ಬರುವುದು ಸ್ಪ್ಯಾನಿಷ್ ಒಂದೇ. ನಮ್ಮನೆಯವರಿಗೆ ಬಾರದಿರುವುದೂ ಅದೊಂದೇ.

ಮೊನ್ನೆ ಇವರ ಚಪ್ಪಲಿಗೆ ಅವನು ಬಾಯಿ ಹಾಕಿದ. ಇವರು ಬೆರಳೆತ್ತಿ, "ನೋ... ಕೋಮೆ!" ಎಂದು ಗದರಿದರು. 'ಕೋಮೆ' ಅಂದರೆ 'ತಿನ್ನು'. ಮುಂದೊಂದು 'ನೋ' ಸೇರಿಸಿದರೆ ಮುಗಿಯಿತಲ್ಲ ಎಂಬುದು ಇವರ ಲೆಕ್ಕ. ನಡುವೆ ಉಸಿರು ತೆಗೆದುಕೊಂಡಿದ್ದರಿಂದ ಅದು "ಹಾಗಲ್ಲ... ತಿನ್ನು!" ಎಂದಾಯಿತು. ಒಂದೇ ಉಸಿರಲ್ಲಿ ಹೇಳಿದ್ದರೂ "ಅವನು ತಿನ್ನುವುದಿಲ್ಲ" ಎಂಬ ವರದಿಯಷ್ಟೇ ಆಗುತ್ತಿತ್ತು. ಆ ವರದಿ ಸುಳ್ಳೆಂದು ಕಾನೇಲೊ ಹಿಮ್ಮಡಿಯವರೆಗೂ ಸಾಬೀತು ಮಾಡಿದ.

ಬೇಡ ಎನ್ನಬೇಕಾದರೆ ಅಲ್ಲಿ ಕ್ರಿಯಾಪದದ ಬಾಲವನ್ನೇ ಬದಲಿಸಬೇಕು. 'ನಾನು ತಿನ್ನುತ್ತೇನೆ' ಎನ್ನುವ 'ಕೋಮೊ' ಹಿಡಿದು, ಕೊನೆಯ 'ಒ' ಕಿತ್ತುಹಾಕಿ. ಮುಂದಿನದು ಕೊಟ್ಟು ತಂದ ಸಂಬಂಧ. 'ಆರ್' ಎಂದು ಕೊನೆಯಾಗುವ ಕ್ರಿಯಾಪದಗಳ ಮನೆಯವರು ತಮ್ಮ 'ಆ'ಯನ್ನು 'ಏರ್' ಮನೆಗೆ ಕೊಟ್ಟು, ಅಲ್ಲಿಂದ 'ಎ' ತಂದುಕೊಳ್ಳುತ್ತಾರೆ. ಬೊಗಳುವುದು 'ಲಾದ್ರಾರ್', ಬೊಗಳಬೇಡ 'ನೋ ಲಾದ್ರೆಸ್'. ತಿನ್ನುವುದು 'ಕೊಮೇರ್', ತಿನ್ನಬೇಡ 'ನೋ ಕೋಮಾಸ್'. 'ಈರ್' ಮನೆಗೂ 'ಆ'ಯೇ ಸೊಸೆ: ಹತ್ತುವುದು 'ಸುಬೀರ್', ಹತ್ತಬೇಡ 'ನೋ ಸೂಬಾಸ್'. ನಿಯಮವೇನೋ ಚೊಕ್ಕವಾಗಿದೆ. ಆದರೆ ಚಪ್ಪಲಿ ನಾಯಿಯ ಬಾಯಲ್ಲಿರುವಾಗ ಬೀಗರ ಲೆಕ್ಕ ಹಾಕುವ ಪುರುಸೊತ್ತು ಯಾರಿಗಿದೆ?

ಇವರು ಬಾಯಿಪಾಠ ಮಾಡಿದರು. ಅಜ್ಜಿ ಕರೆದೊಯ್ಯಲು ಬಂದಾಗ ಕಾನೇಲೊ ಎರಡನೇ ಚಪ್ಪಲಿ ಶುರು ಮಾಡಿದ್ದ. "ನೋ ಕೋಮಾ!" ಎಂದರು ಇವರು ಹೆಮ್ಮೆಯಿಂದ. ಕೊನೆಯ 'ಸ್' ಬಿಟ್ಟರೆ ಅದು ದೊಡ್ಡವರಿಗೆ ಹೇಳುವ ಮಾತು: "ತಾವು ತಿನ್ನಬಾರದು." ಅಜ್ಜಿ ಬಾಗಿಲು ಹಿಡಿದುಕೊಂಡು ನಕ್ಕರು. ಅಷ್ಟು ಮರ್ಯಾದೆ ಅವರು ಅಳಿಯನಿಗೂ ಕೊಟ್ಟಿಲ್ಲವಂತೆ.

ಈಗ ಇವರು ಬೇರೆ ದಾರಿ ಹಿಡಿದಿದ್ದಾರೆ. ಪಾರ್ಕಿನ ಫಲಕಗಳಲ್ಲಿ 'ನೋ ಪಿಸಾರ್ ಎಲ್ ಥೆಸ್ಪೆದ್', ಹುಲ್ಲು ತುಳಿಯಬಾರದು, ಎಂದಿರುತ್ತದೆ. ಅಲ್ಲಿ ಬಾಲ ಕತ್ತರಿಸುವ ಕೆಲಸವೇ ಇಲ್ಲ, 'ಆರ್' ಇದ್ದಹಾಗೇ ಇದೆ. ಸಾರ್ವಜನಿಕರಿಗೆ ಸಲ್ಲುವುದು ನಾಯಿಗೂ ಸಲ್ಲುತ್ತದೆ ಎಂದು, ಅವನು ಸೋಫಾ ಹತ್ತಿದರೆ "ನೋ ಸುಬೀರ್!", ಬೊಗಳಿದರೆ "ನೋ ಲಾದ್ರಾರ್!" ಎನ್ನುತ್ತ ನೆಟ್ಟಗೆ ಕಂಬದ ಹಾಗೆ ನಿಂತು ಘೋಷಿಸುತ್ತಾರೆ. ಫಲಕದ ಕಂಬ ಕಂಡರೆ ಕಾನೇಲೊ ಏನು ಮಾಡುತ್ತಾನೆಂದು ನಾನಿನ್ನೂ ಇವರಿಗೆ ನೆನಪಿಸಿಲ್ಲ.