ಸ್ಕಾಟ್ಲೆಂಡ್ ನೋಟಿನ ಫಾರ್ವರ್ಡ್: ನನ್ನದೇ ತಪ್ಪಿಗೆ ಸ್ಪಷ್ಟನೆ

ಕಳೆದ ವಾರ ನಾನೇ ಹಾಕಿದ್ದ ಫೋಟೊ ನೆನಪಿರಬಹುದು. 'ಬ್ಯಾಂಕ್ ಆಫ್ ಸ್ಕಾಟ್ಲೆಂಡ್' ಎಂದು ಅಚ್ಚಾದ ನೋಟು. ಕೆಳಗೆ, 'ಸ್ಕಾಟ್ಲೆಂಡ್‌ಗೆ ಸ್ವಂತ ಕರೆನ್ಸಿ ಇದೆ, ಬ್ರಿಟನ್ ಬಿಟ್ಟರೂ ಹಣದ ತಲೆನೋವಿಲ್ಲ' ಎಂಬ ಸಾಲು. ಆ ಸಾಲು ತಪ್ಪು. ಓದದೆ ಸುಮ್ನೆ ಕಳಿಸಿಬಿಟ್ಟೆ.

ನೋಟು ಅಸಲಿಯೇ. ಆದರೆ ಅದೂ ಬ್ರಿಟಿಷ್ ಪೌಂಡೇ. ಅಲ್ಲಿ ಮೂರು ಬ್ಯಾಂಕ್‌ಗಳು ತಮ್ಮ ಹೆಸರಲ್ಲಿ ನೋಟು ಹೊರಡಿಸುತ್ತವೆ, ಅಷ್ಟೇ ಮೌಲ್ಯದ ಭದ್ರತೆ ಇಡುತ್ತವೆ. ಇದಕ್ಕೆಂದೇ ಬ್ರಿಟನ್ನಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ 10 ಲಕ್ಷ ಪೌಂಡಿನ 'ಜೈಂಟ್', 10 ಕೋಟಿ ಪೌಂಡಿನ 'ಟೈಟನ್' ನೋಟುಗಳಿವೆ. (ಚಿಲ್ಲರೆ ಯಾರನ್ನ ಕೇಳೋದು?) ಬಡ್ಡಿ ದರ ನಿರ್ಧರಿಸುವುದೂ ಅದೇ ಬ್ಯಾಂಕ್.

ನಿಜ ಹೇಳಬೇಕೆಂದರೆ, ಸ್ಕಾಟ್ಲೆಂಡ್ ಬ್ರಿಟನ್ ಬಿಟ್ಟು ಸ್ವತಂತ್ರವಾಗಬೇಕೇ ಎಂಬ 2014ರ ಜನಮತಗಣನೆಯಲ್ಲಿ ಜಾಸ್ತಿ ಕಾಡಿದ ಪ್ರಶ್ನೆಗಳಲ್ಲಿ ಕರೆನ್ಸಿಯೂ ಒಂದು. ಪೌಂಡನ್ನೇ ಹಂಚಿಕೊಳ್ಳೋಣ ಎಂದಿತು ಎಡಿನ್‌ಬರೊದಲ್ಲಿರುವ ಸ್ಕಾಟ್ಲೆಂಡ್ ಸರ್ಕಾರ. ಆಗಲ್ಲ ಎಂದರು ಬ್ರಿಟನ್ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್.

ಇದಕ್ಕೆ ಎದುರಾಗಿ, ಸ್ಕಾಟ್ಲೆಂಡ್‌ಗೆ '2,270 ಕೋಟಿ ಪೌಂಡ್ ಸಾಲ' ಎಂಬ ಮೆಸೇಜೂ ಓಡಾಡುತ್ತಿದೆ. ಅದು ಸಾಲವಲ್ಲ, 2023-24ರ ಒಂದು ವರ್ಷದ ಕೊರತೆ, ಅಂದರೆ ಆದಾಯಕ್ಕಿಂತ ಹೆಚ್ಚಾದ ಖರ್ಚು. ಸ್ಕಾಟ್ಲೆಂಡ್ ಸರ್ಕಾರವೇ 2024ರಲ್ಲಿ ಕೊಟ್ಟ ಅಂದಾಜು. ಇಷ್ಟು ದೊಡ್ಡ ಕೊರತೆ ತುಂಬುವವರು ಯಾರು ಅಂತ ಸ್ವಾತಂತ್ರ್ಯದ ವಿರೋಧಿಗಳು ಕೇಳುತ್ತಾರೆ. ಇದು ಈಗಿನ ಒಕ್ಕೂಟದೊಳಗಿನ ಲೆಕ್ಕ, ತೆರಿಗೆ-ಖರ್ಚು ನಮ್ಮ ಕೈಗೆ ಬಂದರೆ ಬೇರೆಯಾಗುತ್ತದೆ ಅನ್ನುವುದು ಬೆಂಬಲಿಗರ ವಾದ. ಎರಡರಲ್ಲೂ ಹುರುಳಿದೆ.

ಎರಡೂ ಮೆಸೇಜ್ ಮುಂದಕ್ಕೆ ಕಳಿಸಬೇಡಿ. ನನ್ನದನ್ನು ಅಳಿಸಿದ್ದೇನೆ.