ಮೊದಲ ಬಕೆಟ್ ಯಾರದು?

ಹಾಸ್ಟೆಲ್ ಬಗ್ಗೆ ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿದ್ದೆಲ್ಲ ನಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ವೈ-ಫೈ ಇದೆ ಅಂದಿದ್ದರು, ಇತ್ತು. ಎರಡನೇ ಮಹಡಿಗೆ ಹೋಗುವ ಮೆಟ್ಟಿಲಿನ ತಿರುವಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತರೆ ಸಿಗುತ್ತಿತ್ತು. ಒಳಾಂಗಣ ಕ್ರೀಡೆ ಅಂದಿದ್ದರು, ಕೇರಂ ಬೋರ್ಡ್ ಇತ್ತು. ಸ್ಟ್ರೈಕರ್ ಬಗ್ಗೆ ಅವರು ಏನೂ ಬರೆದಿರಲಿಲ್ಲ. ನಾವು ಪೌಡರ್ ಡಬ್ಬಿಯ ಮುಚ್ಚಳದಲ್ಲಿ ಆಡಿದೆವು. ಸೋಲಾರ್ ಬಿಸಿನೀರು ಅಂದಿದ್ದರು. ಅದರ ಕಥೆಯೇ ಬೇರೆ.

ನಾನು ಮಂಡ್ಯ ಕಡೆಯವನು. ಎಂ.ಎ. ಮಾಡಲು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯ ಸೇರಿದೆ. ಯಾವುದು ಅಂತ ಕೇಳಬೇಡಿ, ನನ್ನ ಒಂದು ಮಾರ್ಕ್ಸ್ ಕಾರ್ಡ್ ಇನ್ನೂ ಅಲ್ಲೇ ಇದೆ. ಕೋಣೆಯಲ್ಲಿ ಇನ್ನಿಬ್ಬರು. ಹಾಸ್ಟೆಲ್‌ನಲ್ಲಿ ತಾಲ್ಲೂಕೇ ಹೆಸರು. ಒಬ್ಬ ಇಂಡಿ, ಇನ್ನೊಬ್ಬ ಹಾನಗಲ್. ನಾನು ಮಂಡ್ಯ. ಏನೇ ಮಾತಾಡಿದರೂ "ಏನ್ಲಾ ಅಂತಾನ ನೋಡು" ಅಂತ ನಗುತ್ತಿದ್ದರು. ನಾನು ಒಂದು ಸಲವೂ ಏನ್ಲಾ ಅಂದಿರಲಿಲ್ಲ.

ಬಿಸಿನೀರಿನ ವಿಷಯಕ್ಕೆ ಬರೋಣ. ಸೋಲಾರ್ ಟ್ಯಾಂಕ್ ತಾರಸಿಯ ಮೇಲೆ, ನಾವು ನೆಲಮಹಡಿಯಲ್ಲಿ. ನಡುವೆ ಉದ್ದದ ಪೈಪು. ರಾತ್ರಿಯಿಡೀ ಆ ಪೈಪಿನಲ್ಲಿ ನಿಂತ ನೀರು ಬೆಳಗಿನ ಹೊತ್ತಿಗೆ ಕೊರೆಯುತ್ತಿರುತ್ತದೆ. ಟ್ಯಾಂಕಿನ ಬಿಸಿನೀರು ನಲ್ಲಿಗೆ ಬರಬೇಕಾದರೆ ಮೊದಲು ಇದು ಖಾಲಿಯಾಗಬೇಕು. ಸುಮಾರು ಒಂದು ಬಕೆಟ್ ಲೆಕ್ಕ. ಇಡೀ ನೆಲಮಹಡಿಗೆ ಬಿಸಿನೀರಿನ ನಲ್ಲಿ ಒಂದೇ, ಅದೂ ಬಚ್ಚಲುಮನೆಗಳ ಹೊರಗೆ. ಒಂದು ಸರದಿಗೆ ಒಂದೇ ಬಕೆಟ್, ಆಮೇಲೆ ಸಾಲಿನ ಕೊನೆಗೆ ಹೋಗಬೇಕು ಅನ್ನೋದು ನಾವೇ ಮಾಡಿಕೊಂಡ ಕಾನೂನು. ಈಗ ನೀವೇ ಲೆಕ್ಕ ಹಾಕಿ. ಮೊದಲು ಎದ್ದವನಿಗೆ ತಣ್ಣೀರು. ಎರಡನೆಯವನಿಗೆ ಹೊಗೆಯಾಡುವ ಬಿಸಿನೀರು. ಹನ್ನೆರಡನೆಯವನ ಹೊತ್ತಿಗೆ ಟ್ಯಾಂಕಿಗೆ ಹೊಸ ನೀರು ಬಂದು ಸೇರಿ ಮತ್ತೆ ತಣ್ಣೀರು. ಬೇಗ ಏಳಬೇಕು, ಆದರೆ ಎಲ್ಲರಿಗಿಂತ ಬೇಗ ಏಳಬಾರದು.

ಹೀಗಾಗಿ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಐದಕ್ಕೆಲ್ಲ ನೆಲಮಹಡಿಯ ಪ್ರತಿಯೊಬ್ಬನಿಗೂ ಎಚ್ಚರವಾಗಿರುತ್ತಿತ್ತು, ಒಬ್ಬನೂ ಎದ್ದಿರುತ್ತಿರಲಿಲ್ಲ. ಎಲ್ಲರೂ ಹೊದ್ದುಕೊಂಡು ಕಿವಿ ನಿಮಿರಿಸಿ ಮಲಗಿರುತ್ತಿದ್ದೆವು. ಯಾವುದೋ ಬಾಗಿಲ ಚಿಲಕ ಸದ್ದಾಗಬೇಕು, ಹವಾಯಿ ಚಪ್ಪಲಿ ಪಟಪಟ ಅನ್ನಬೇಕು, ಖಾಲಿ ಬಕೆಟ್ಟಿಗೆ ನೀರು ಬೀಳಬೇಕು. ಅದು ತುಂಬಿದ ಸದ್ದು ಕೇಳಿದ್ದೇ ತಡ, ಅಷ್ಟೂ ಕೋಣೆಗಳ ಬಾಗಿಲು ಒಟ್ಟಿಗೆ ತೆರೆಯುತ್ತಿದ್ದವು. ಕಾರಿಡಾರಿನಲ್ಲಿ ಬಕೆಟ್ ಹಿಡಿದ ಗಂಡಸರು ಓಡುವುದನ್ನು ನೋಡಿದರೆ ಎಲ್ಲೋ ಬೆಂಕಿ ಬಿದ್ದಿದೆ ಅನ್ನಬೇಕು.

ನಮ್ಮನ್ನು ಕಾಪಾಡಿದ್ದು ಅಯ್ಯಪ್ಪ ಸ್ವಾಮಿ. ಕೊನೆಯ ಕೋಣೆಯ ಬೈಲಹೊಂಗಲದ ಹುಡುಗ ಶಬರಿಮಲೆಗೆ ಮಾಲೆ ಹಾಕಿದ. 41 ದಿನದ ವ್ರತ. ದಿನಾ ನಸುಕಿನಲ್ಲಿ ತಣ್ಣೀರ ಸ್ನಾನ. ಅವನಿಗೆ ಬೇಕಾಗಿದ್ದದ್ದೇ ಆ ಮೊದಲ ಬಕೆಟ್! ನಮ್ಮ ನೆಲಮಹಡಿಯಲ್ಲಿ ಅಂಥ ಭಕ್ತಿಯ ವಾತಾವರಣ ಅದಕ್ಕೂ ಮುಂಚೆ ಇರಲಿಲ್ಲ, ಆಮೇಲೂ ಇರಲಿಲ್ಲ. ಅವನು ಎದ್ದನೋ ಇಲ್ಲವೋ ಅಂತ ಪಕ್ಕದ ಕೋಣೆಯವರು ಅಲಾರಾಂ ಇಟ್ಟುಕೊಂಡು ನೋಡುತ್ತಿದ್ದರು. ದೇವರೇ ಇಲ್ಲ ಅಂತ ಮೆಸ್ಸಿನಲ್ಲಿ ಟೇಬಲ್ ಗುದ್ದಿ ವಾದ ಮಾಡುತ್ತಿದ್ದ ಸಮಾಜಶಾಸ್ತ್ರದವನೂ "ಸ್ವಾಮಿ, ನೀರು ಹಿಡಿದ್ರಾ?" ಅಂತ ಕೈಮುಗಿಯುತ್ತಿದ್ದ. ವ್ರತ ಮುಗಿಸಿ ಇರುಮುಡಿ ಹೊತ್ತು ಹೊರಟ ದಿನ ಗೇಟಿನವರೆಗೂ ಹೋಗಿ ಬೀಳ್ಕೊಟ್ಟೆವು. ಇಂಡಿ ಮಾತ್ರ ತಡೆಯಲಾರದೆ ಕೇಳಿಯೇಬಿಟ್ಟ. "ಸ್ವಾಮಿ, ಇನ್ನೊಂದ್ ತಿಂಗ್ಳಾ ಥಂಡಿ ಐತಿ. ಬಂದಮ್ಯಾಗ ಮತ್ತ ಮಾಲಿ ಹಾಕ್ಕೋತೀರೇನ್ರಿ?"

ಅವನು ಹಾಕಿಕೊಳ್ಳಲಿಲ್ಲ. ನಾವು ಬಕೆಟ್ಟಿನಲ್ಲಿ ಮುಳುಗಿಸಿ ನೀರು ಕಾಯಿಸುವ ಕರೆಂಟಿನ ಕಾಯಿಲ್‌ಗೆ ಬಂದೆವು.

ಹಾಸ್ಟೆಲ್‌ನಲ್ಲಿ ಕಾಯಿಲ್ ನಿಷಿದ್ಧ. ಪ್ರತಿ ಕೋಣೆಯಲ್ಲೂ ಒಂದೊಂದು ಇತ್ತು. ನಮ್ಮದು ಇಂಡಿಯ ಟ್ರಂಕಿನಲ್ಲಿ, ಅವನ ಅಕ್ಕನ ಮದುವೆಯಲ್ಲಿ ಆಹೇರಿ ಬಂದ ಶರ್ಟ್ ಪೀಸಿನ ಕೆಳಗೆ ಮಲಗಿರುತ್ತಿತ್ತು. ಹಾನಗಲ್ ಫಿಸಿಕ್ಸ್‌ನವನು. ಅವನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದಿಟ್ಟಿದ್ದ. 15 ಲೀಟರ್ ನೀರು, 20 ಡಿಗ್ರಿಯಿಂದ 45ಕ್ಕೆ, 1500 ವಾಟ್, ಸುಮಾರು 18 ನಿಮಿಷ. ಅದರ ಕೆಳಗೇ ಇನ್ನೊಂದು ಲೆಕ್ಕ. ನಮ್ಮ ಕೋಣೆಯ ಪಾಯಿಂಟ್ 6 ಆಂಪಿಯರಿನದು, 230 ವೋಲ್ಟ್ ಅಂದರೆ 1380 ವಾಟ್. "ಅಂದ್ರ ಇದರ ಮ್ಯಾಗ ಕಾಯಿಲ್ ಹಚ್ಚಬಾರ್ದು" ಅಂತ ಗಂಭೀರವಾಗಿ ಹೇಳಿ ಸ್ವಿಚ್ ಒತ್ತುತ್ತಿದ್ದ. ವಿಜ್ಞಾನ ಬೇರೆ, ಸ್ನಾನ ಬೇರೆ.

ಪಕ್ಕದ ಕೋಣೆಯವರೂ ಅದೇ ಹೊತ್ತಿಗೆ ಹಾಕಿದರೆ ಫ್ಯೂಸ್ ಢಮ್. ಆಗ ಎಲೆಕ್ಟ್ರಿಷಿಯನ್ ಕಾಕಾ ಬರುತ್ತಿದ್ದರು. ಜೇಬಿನಲ್ಲಿ ಫ್ಯೂಸ್ ವೈರಿನ ಸುತ್ತು, ಬಾಯಲ್ಲಿ ಎಲೆ ಅಡಿಕೆ.

"ಯಾರ ಹಚ್ಚಿದ್ರಿಪಾ ಕಾಯಿಲ್ಲು?"

"ಕಾಯಿಲ್ ಎಲ್ಲಿ ಐತ್ರೀ ಕಾಕಾ? ಬರೇ ಫ್ಯಾನ್ ಹಚ್ಚಿದ್ವಿ."

"ಡಿಸೆಂಬರ್‌ದಾಗ?"

ಅಷ್ಟೇ. ಮುಂದೆ ಕೇಳುತ್ತಿರಲಿಲ್ಲ. ದೊಡ್ಡ ಮನುಷ್ಯ. ಸಿಕ್ಕಿಬಿದ್ದದ್ದು ಕಾಕಾನಿಂದಲ್ಲ, ಬಕೆಟ್ಟಿನಿಂದ. ಕಾಯಿಲ್ ತೂಗುಹಾಕಿದ್ದ ಕೋಲು ಒಂದು ದಿನ ಜಾರಿ, ಕಾಯಿಲ್ ಪ್ಲಾಸ್ಟಿಕ್ಕಿಗೆ ತಾಗಿ ತೂತು ಬಿತ್ತು. ಇಂಡಿಗೆ ಗೊತ್ತಾಗಲಿಲ್ಲ. ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೊರಟ. ನಮ್ಮ ಕೋಣೆಯಿಂದ ಬಚ್ಚಲ ಬಾಗಿಲವರೆಗೆ ನೀರಿನ ಗೆರೆ. ವಾರ್ಡನ್ ಅವತ್ತೇ ಬೆಳಿಗ್ಗೆ ರೌಂಡ್ಸ್ ಬರಬೇಕೇ! ಗೆರೆ ಹಿಡಿದು ನೇರ ನಮ್ಮ ಕೋಣೆಗೆ ಬಂದರು.

"ಏನಿದು ನೀರು?"

"ಗಿಡಕ್ಕ ಹಾಕಾಕತ್ತಿದ್ವಿ ಸರ" ಅಂದ ಹಾನಗಲ್.

ವಾರ್ಡನ್ ಬಗ್ಗಿ ಎರಡು ಬೆರಳಿಂದ ನೀರು ಮುಟ್ಟಿ ನೋಡಿದರು. "ಬಿಸಿ ಐತಲ್ಲೋ! ಗಿಡಕ್ಕ ಜ್ವರ ಬಂದಾವೇನು?"

ಕಾಯಿಲ್ ಹೋಯಿತು. ಶರ್ಟ್ ಪೀಸ್ ಉಳಿಯಿತು.

ಮೆಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹಾಸ್ಟೆಲ್ ಊಟವನ್ನು ಬೈಯದವರು ಯಾರಿದ್ದಾರೆ? ರೊಟ್ಟಿ ಚೆನ್ನಾಗಿತ್ತು, ಶೇಂಗಾ ಚಟ್ನಿ ಇನ್ನೂ ಚೆನ್ನಾಗಿತ್ತು, ಬೆಳಗಿನ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ನನಗೆ ಈಗಲೂ ಇಷ್ಟ. ಆದರೆ ಹಾಜರಿ ಪುಸ್ತಕ ಮಾತ್ರ ನೋಡುವಂತಿತ್ತು. ಆ ಕಡೆಯ ಅಡ್ಡಹೆಸರುಗಳು ನಿಮಗೆ ಗೊತ್ತಲ್ಲ. ಮೆಸ್ ಸೆಕ್ರೆಟರಿ ಒಂದೊಂದಾಗಿ ಕೂಗಿದರೆ ಅಕ್ಕಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಕಿರಾಣಿ ಅಂಗಡಿಯ ಚೀಟಿ ಓದಿದಂತೆಯೇ. ಬೇಳೆ ಅನ್ನುವ ಅಡ್ಡಹೆಸರಿನವರು ಮಾತ್ರ ಯಾರೂ ಇರಲಿಲ್ಲ. ಸಾರಿನಲ್ಲೂ ಇರಲಿಲ್ಲ.

ಅಲ್ಲಿ ನಡೆಯುತ್ತಿದ್ದದ್ದು ಡಿವೈಡಿಂಗ್ ಪದ್ಧತಿ. ತಿಂಗಳ ಖರ್ಚನ್ನೆಲ್ಲ ಕೂಡಿಸಿ, ಹಾಜರಿ ಇದ್ದವರ ಮೇಲೆ ಹಂಚುವುದು. ಕೇಳಲು ಬಹಳ ನ್ಯಾಯವಾಗಿದೆ. ಆದರೆ ಪುಸ್ತಕದಲ್ಲಿ ಹೆಸರಿಲ್ಲದವನು ಉಂಡರೆ ಅವನ ರೊಟ್ಟಿಯೂ ಹೆಸರಿದ್ದವರ ಲೆಕ್ಕಕ್ಕೆ. ಇಂಥವರನ್ನು ಹಾಸ್ಟೆಲ್ ಭಾಷೆಯಲ್ಲಿ ಪ್ಯಾರಾಸೈಟ್ ಅನ್ನುತ್ತಾರೆ. ಎದುರಿಗೆ ಅಲ್ಲ. ಎದುರಿಗೆ ಅಣ್ಣಾರು.

ನಮ್ಮ ಅಣ್ಣಾರು ಎಂ.ಎ. ಮುಗಿಸಿ ಯಾವ ಕಾಲವಾಗಿತ್ತೋ. ಕೆಎಎಸ್‌ಗೆ ಓದುತ್ತಿದ್ದರು. ಅವರನ್ನು ಬೈಯುವ ಮೊದಲು ಒಂದು ಮಾತು ಯೋಚಿಸಿ. 2020ರಲ್ಲಿ 106 ಹುದ್ದೆಗೆ ಅಧಿಸೂಚನೆ ಬಂತು. ಮುಂದಿನದು, 384 ಹುದ್ದೆಗೆ, ಬಂದದ್ದು 2024ರಲ್ಲಿ. ನಡುವಿನ ನಾಲ್ಕು ವರ್ಷ ಮನುಷ್ಯ ಎಲ್ಲಾದರೂ ಇರಬೇಕಲ್ವಾ? ಅಣ್ಣಾರು ನಮ್ಮ ಮಹಡಿಯಲ್ಲಿ ಇದ್ದರು. ಯಾವ ಟ್ಯೂಬ್‌ಲೈಟ್ ತಟ್ಟಿದರೆ ಹತ್ತುತ್ತದೆ, ಯಾವ ಬಚ್ಚಲ ಚಿಲಕ ನಂಬಬಾರದು, ಹೋಳಿಗೆ ಮಾಡುವ ದಿನ ಎಷ್ಟು ಗಂಟೆಗೆ ತಟ್ಟೆ ಹಿಡಿಯಬೇಕು, ಎಲ್ಲ ಅವರಿಗೆ ಗೊತ್ತು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಪೇಪರು. ನೋಡಿದರೆ ಪ್ರೊಫೆಸರೇ.

ಹೊಸ ವಾರ್ಡನ್ ಬಂದ ವಾರದಲ್ಲಿ ಪ್ಯಾರಾಸೈಟ್ ಹಿಡಿಯಲು ರಾತ್ರಿ ತಪಾಸಣೆ ಇಟ್ಟರು. ಒಂಬತ್ತೂವರೆಗೆ ಪಟ್ಟಿ ಹಿಡಿದು ಬಂದವರಿಗೆ ಯಾವ ಕೋಣೆ ಎಲ್ಲಿ ಅಂತಲೇ ಗೊತ್ತಾಗಲಿಲ್ಲ. ಹಳೇ ಕಟ್ಟಡ, ನಂಬರುಗಳೆಲ್ಲ ಸುಣ್ಣದಲ್ಲಿ ಮುಚ್ಚಿಹೋಗಿವೆ. ಎದುರಿಗೆ ಅಣ್ಣಾರು ಬಂದರು. ವಾರ್ಡನ್ ಬಹಳ ಗೌರವದಿಂದ "ಸ್ವಲ್ಪ ನಮ್ಮ ಜೊತೆ ಬರ್ತೀರಾ?" ಅಂದರು. ಅಣ್ಣಾರು ಬಂದರು. ಪೇಪರು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಮುಂದೆ ಹೋದರು. ಒಂದೊಂದೇ ಬಾಗಿಲು ತಟ್ಟಿಸಿ, ಪಟ್ಟಿಯಲ್ಲಿ ಹೆಸರು ಹುಡುಕಿಕೊಟ್ಟು, ಕೆಳಗಿನಿಂದ ಮೇಲಿನವರೆಗೆ ತೋರಿಸಿದರು. ಅವರ ಸ್ವಂತ ಕೋಣೆಗೆ ಬಂದಾಗ "ಇದು ಸ್ಟೋರ್ ರೂಮ್ ಸರ, ಹಾವು ಹೊಕ್ಕೊಂಡಾವು" ಅಂದರು. ವಾರ್ಡನ್ ಎರಡು ಹೆಜ್ಜೆ ಹಿಂದೆ ಸರಿದರು. ನಾವು ಮೆಟ್ಟಿಲ ಮೇಲೆ ವೈ-ಫೈ ಹಿಡಿಯುತ್ತ ಎಲ್ಲ ನೋಡುತ್ತಿದ್ದೆವು. ಒಬ್ಬನೂ ಬಾಯಿ ಬಿಡಲಿಲ್ಲ. ಅಣ್ಣಾರ ನೋಟ್ಸ್ ಇಲ್ಲದೆ ನಮ್ಮಲ್ಲಿ ಯಾರೂ ಪಾಸಾಗುವ ಹಾಗಿರಲಿಲ್ಲ.

ಆ ತಿಂಗಳ ಮೆಸ್ ಬಿಲ್ಲಿನಲ್ಲಿ "ತಪಾಸಣಾ ಸಮಿತಿಗೆ ಚಹಾ, ಮಿರ್ಚಿ" ಅಂತ ಒಂದು ಸಾಲು ಹೊಸದಾಗಿ ಸೇರಿತ್ತು. ಸಮಿತಿಯವರು ಅಂದರೆ ವಾರ್ಡನ್ನು ಮತ್ತು ಅಣ್ಣಾರು. ಪದ್ಧತಿಯ ಪ್ರಕಾರ ಅದನ್ನೂ ಎಲ್ಲರಿಗೂ ಹಂಚಿದರು, ಅಣ್ಣಾರನ್ನು ಬಿಟ್ಟು.