ನಾರ್ವೆಯಲ್ಲಿ ಕರೆಂಟ್ ಯಾವಾಗಲೂ ಅಗ್ಗ ಅನ್ನೋದು ಸರಿಯಲ್ಲ

"ನಾರ್ವೆಯಲ್ಲಿ ಕರೆಂಟೆಲ್ಲಾ ನೀರಿನಿಂದ, ನೀರಿಗೆ ದುಡ್ಡಿಲ್ಲ, ಅದಕ್ಕೇ ಬಿಲ್ ಸದಾ ಕಡಿಮೆ" ಅನ್ನೋ ಮಾತು ಓಡಾಡುತ್ತಿದೆ. ಸುಮಾರು ಶೇ. 90 ಜಲವಿದ್ಯುತ್ ಅನ್ನೋದು ನಿಜ. ಉಳಿದದ್ದು ತಪ್ಪು. ಇವತ್ತು ಜಲಾಶಯದಿಂದ ಬಿಟ್ಟ ನೀರು ಚಳಿಗಾಲದಲ್ಲಿ, ಮನೆಮನೆಯಲ್ಲೂ ಕರೆಂಟ್ ಹೀಟರ್ ಹಾಕಿರುವಾಗ, ಇರೋದಿಲ್ಲ ಅಲ್ವಾ? ಹಾಗಾಗಿ ಮುಂದೆ ಎಷ್ಟು ಬೆಲೆ ಸಿಗಬಹುದು ಅಂತ ನೋಡಿಕೊಂಡೇ ಕಂಪನಿಗಳು ನೀರು ಬಿಡುತ್ತವೆ. 2022ರ ಆಗಸ್ಟ್‌ನಲ್ಲಿ ದಕ್ಷಿಣದ ಜಲಾಶಯಗಳು ತಗ್ಗಿದ್ದವು, ಯೂರೋಪಿನಲ್ಲಿ ಕರೆಂಟ್ ತಯಾರಿಸಲು ಬಳಸುವ ಗ್ಯಾಸ್ ವಿಪರೀತ ದುಬಾರಿಯಾಗಿತ್ತು, ಓಸ್ಲೋದಲ್ಲಿ ಕರೆಂಟ್ ದರ ಹಿಂದೆಂದೂ ಇಲ್ಲದಷ್ಟು ಏರಿತು. ಆಗಲೇ ಉತ್ತರದ ಟ್ರೊಮ್ಸೊದಲ್ಲಿ ಹೆಚ್ಚುಕಡಿಮೆ ಬಿಟ್ಟಿ! ಅಲ್ಲಿ ನೀರು ಜಾಸ್ತಿ ಇತ್ತು, ಆದರೆ ಆ ಕರೆಂಟನ್ನು ದಕ್ಷಿಣಕ್ಕೆ ತರುವಷ್ಟು ಲೈನ್ ಇರಲಿಲ್ಲ. ಜರ್ಮನಿ, ಬ್ರಿಟನ್‌ಗೆ ಹೋಗುವ ಕೇಬಲ್‌ಗಳಿಂದಲೂ ದರ ಏರಿತು, ನಿಜ. ಆದರೆ ಸುಮ್ನೆ ಅವನ್ನಷ್ಟೇ ದೂರಬೇಡಿ, ನೀರು ಕಡಿಮೆಯಾದ ವರ್ಷ ಅವುಗಳಲ್ಲೇ ಕರೆಂಟ್ ಒಳಗೂ ಬರುತ್ತೆ.